ಶೀಟ್ ರೋಲ್‌ನಲ್ಲಿ ತಪ್ಪಿದ ಹೆಸರು, ಸ್ಪರ್ಶ್‌ನಲ್ಲಿ ನಿಂತ ಪಿಂಚಣಿ

ಮಾಜಿ ಸೈನಿಕರೊಬ್ಬರು ತೀರಿಕೊಂಡ ಮೇಲೆ ಅವರ ಪಿಂಚಣಿ ನಿಂತು ಪತ್ನಿಗೆ ಕುಟುಂಬ ಪಿಂಚಣಿ ಶುರುವಾಗಬೇಕು. ಎಷ್ಟೋ ಮನೆಗಳಲ್ಲಿ ಅದು ಶುರುವಾಗುವುದಿಲ್ಲ. ಸೇನೆಯ ದಾಖಲೆಯಲ್ಲಿ ಪತ್ನಿಯ ಹೆಸರು ‘ಲಕ್ಷ್ಮೀ ದೇವಿ’, ಆಧಾರ್‌ನಲ್ಲಿ ‘ಲಕ್ಷ್ಮವ್ವ’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಗಂಡನ ಹೆಸರೂ ಮನೆತನದ ಹೆಸರೂ ಸೇರಿಕೊಂಡ ಮೂರನೆಯ ರೂಪ. ಮೂರೂ ಒಬ್ಬರದೇ ಹೆಸರು ಎಂದು ಊರಿಗೆಲ್ಲ ಗೊತ್ತು. ಪಿಂಚಣಿ ಮಂಜೂರು ಮಾಡುವ ಕಚೇರಿಗೆ ಅದು ಕಾಗದದಿಂದ ಮಾತ್ರ ಗೊತ್ತಾಗಬೇಕು, ಆ ಕಾಗದ ಮನೆಯಲ್ಲಿರುವುದಿಲ್ಲ.

ಈಗ ಎಲ್ಲರ ಸಿಟ್ಟು ಸೈನಿಕರ ಪಿಂಚಣಿಯನ್ನು ಮಂಜೂರು ಮಾಡಿ ಪಾವತಿಸುವ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲ್ ಮೇಲಿದೆ. ಆದರೆ ಇಂಥ ತಪ್ಪುಗಳಲ್ಲಿ ಬಹುಪಾಲು ಹುಟ್ಟಿದ್ದು ಪೋರ್ಟಲ್ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ, ಒಂದು ಭರ್ತಿ ಕೇಂದ್ರದಲ್ಲೋ ಗಡಿಯ ಯಾವುದೋ ಯೂನಿಟ್‌ನ ಕ್ಲರ್ಕ್ ಮೇಜಿನ ಮೇಲೋ. ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿ ತಿದ್ದದೆ ಬೇರೆಲ್ಲಿ ತಿದ್ದಿದರೂ ಅದು ಮತ್ತೆ ಮತ್ತೆ ತಲೆ ಎತ್ತುತ್ತದೆ.

ಮೊದಲು ಬರೆದದ್ದು ಎಲ್ಲಿ

ಜವಾನರು ಮತ್ತು ಜೆಸಿಒಗಳ (ಜೂನಿಯರ್ ಕಮಿಷನ್ಡ್ ಅಧಿಕಾರಿಗಳ) ಮಟ್ಟಿಗೆ ಮೂಲ ದಾಖಲೆ ಎಂದರೆ ಶೀಟ್ ರೋಲ್. ಭರ್ತಿಯಾದ ದಿನ ತೆರೆಯುವ ಈ ಕಡತ ಸೈನಿಕನ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ. ಹೆಂಡತಿ, ಮಕ್ಕಳು, ತಂದೆತಾಯಿಯರ ವಿವರವಿರುವ ಕಿಂಡ್ರೆಡ್ ರೋಲ್ ಅದರದೇ ಭಾಗ. ಮದುವೆ, ಮಗುವಿನ ಜನನ, ಬಡ್ತಿ, ರಜೆ, ಶಿಕ್ಷೆ, ವರ್ಗಾವಣೆ ಯಾವುದೇ ಆಗಲಿ, ಯೂನಿಟ್ ಅದನ್ನು ಪಾರ್ಟ್ 2 ಆರ್ಡರ್ ಆಗಿ ಪ್ರಕಟಿಸಬೇಕು. ರೆಕಾರ್ಡ್ ಆಫೀಸ್ ಅದನ್ನು ನೋಡಿ ಶೀಟ್ ರೋಲ್‌ನಲ್ಲಿ ಏರಿಸಬೇಕು. ಪಾರ್ಟ್ 2 ಆರ್ಡರ್ ಹೊರಡದಿದ್ದರೆ ಮದುವೆ ಊರಲ್ಲಿ ಆಗಿದೆ, ಸೇನೆಯ ಲೆಕ್ಕದಲ್ಲಿ ಆಗಿಲ್ಲ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್, ಮಕ್ಕಳಿಗೆ ಕೊಡುವ ಅವಲಂಬಿತರ ಪತ್ರ ಎಲ್ಲವೂ ಈ ಒಂದು ಬೇರಿನಿಂದಲೇ ಬರುತ್ತವೆ.

ಕನ್ನಡದ ಹೆಸರುಗಳು ಇಲ್ಲಿ ವಿಶೇಷವಾಗಿ ಪೆಟ್ಟು ತಿಂದಿವೆ. ಹಿಂದಿ ಕಿವಿಯ ಕ್ಲರ್ಕ್‌ಗೆ ಳ ಕೇಳಿಸುವುದು ಲ ಎಂದು. ‘ಅವ್ವ’ ‘ಅಕ್ಕ’ ಎಂದು ಮುಗಿಯುವ ಹೆಸರು ಪೂರ್ತಿ ಎನ್ನಿಸದೆ ಕೊನೆಗೊಂದು ‘ದೇವಿ’ ಅಥವಾ ‘ಬಾಯಿ’ ಅಂಟಿಕೊಳ್ಳುತ್ತದೆ. ಇನಿಷಿಯಲ್ ಬಿಡಿಸಿ ಬರೆ ಎಂದಾಗ ಊರಿನ ಹೆಸರು ಒಬ್ಬರಿಗೆ ಸರ್‌ನೇಮ್ ಆಗುತ್ತದೆ, ತಂದೆಯ ಹೆಸರು ಇನ್ನೊಬ್ಬರಿಗೆ. ಕೊಡವರಲ್ಲಿ ಮನೆಪೆದ ಅಂದರೆ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ: ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೊನೆಯ ಪದವೇ ಕುಟುಂಬದ ಹೆಸರು ಎಂದು ನಂಬಿದ ನಮೂನೆಯಲ್ಲಿ ಇದನ್ನು ತುಂಬಿದರೆ ಅಣ್ಣತಮ್ಮಂದಿರ ಸರ್‌ನೇಮ್ ಬೇರೆ ಬೇರೆಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಮದುವೆಯಾದಾಗ ಗಂಡನ ಮನೆಯವರು ಹೊಸ ಹೆಸರಿಡುವ ರೂಢಿಯಿದೆ. ಯೂನಿಟ್‌ಗೆ ಹೋದದ್ದು ಹೊಸ ಹೆಸರು, ಶಾಲೆಯ ಟಿಸಿಯಲ್ಲಿ ಉಳಿದದ್ದು ತವರಿನ ಹೆಸರು.

ಸೇವಾ ಸಂಖ್ಯೆಯಲ್ಲೂ ಎಡವಟ್ಟಾಗುತ್ತದೆ. ಹವಾಲ್ದಾರ್ ನಾಯಬ್ ಸುಬೇದಾರ್ ಆದಾಗ ಹೊಸ ಜೆಸಿ ಸಂಖ್ಯೆ ಸಿಗುತ್ತದೆ. ಅರ್ಜಿಯಲ್ಲಿ ಹಳೆಯದನ್ನು ಬರೆದರೆ ಅಥವಾ ಸಂಖ್ಯೆಯ ಕೊನೆಯಲ್ಲಿ ತಾಳೆ ನೋಡಲು ಇರುವ ಅಕ್ಷರ ಬಿಟ್ಟರೆ ಕಡತ ಹುಡುಕುವುದೇ ಕಷ್ಟವಾಗುತ್ತದೆ.

ಹುಟ್ಟಿದ ದಿನಾಂಕ ಎಂಬ ಗಟ್ಟಿ ಗೋಡೆ

ಹೆಸರು ತಿದ್ದಬಹುದು. ಸೈನಿಕನ ಸ್ವಂತ ಜನ್ಮ ದಿನಾಂಕ ಹಾಗಲ್ಲ. ಸೇವೆಗೆ ಸೇರುವಾಗ ಬರೆದದ್ದನ್ನು ಬದಲಿಸಲು ಅವಧಿಯ ಮಿತಿ ಬಿಗಿಯಾಗಿದೆ. ಕೇಂದ್ರದ ಸಿವಿಲ್ ನೌಕರರಿಗೆ 5 ವರ್ಷದ ಮಿತಿಯನ್ನು 1979ರಲ್ಲಿ ತಂದರು; ನಿವೃತ್ತಿಯ ಹೊಸ್ತಿಲಲ್ಲಿ ಬಂದು ದಿನಾಂಕ ಬದಲಿಸಿ ಎನ್ನುವುದನ್ನು ಒಪ್ಪಲಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಗಟ್ಟಿಗೊಳಿಸಿತು. ಸೇನೆಯ ವ್ಯಾಜ್ಯಗಳಲ್ಲೂ ಅದೇ ಧೋರಣೆ.

ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರಿಗೂ ಇದು ಬಿಟ್ಟಿದ್ದಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಪ್ರವೇಶಕ್ಕೆ ತುಂಬಿದ ಯುಪಿಎಸ್‌ಸಿ ಅರ್ಜಿಯಲ್ಲಿ 1950ರ ಮೇ 10 ಎಂದಿತ್ತು. ಶಾಲೆಯ ಪ್ರಮಾಣಪತ್ರದಲ್ಲಿ 1951ರ ಮೇ 10. ಸೇನಾ ಪ್ರಧಾನ ಕಚೇರಿಯ ಅಡ್ಜುಟಂಟ್ ಜನರಲ್ ಶಾಖೆ 1951 ಎಂದು ಇಟ್ಟುಕೊಂಡಿತ್ತು, ಮಿಲಿಟರಿ ಸೆಕ್ರೆಟರಿ ಶಾಖೆ 1950 ಎಂದು. ಒಂದೇ ಕಟ್ಟಡದ ಎರಡು ಕಡತ ದಶಕಗಳ ಕಾಲ ಬೇರೆ ಬೇರೆ ಹೇಳುತ್ತಿದ್ದವು. 1951 ಎಂದೇ ಒಪ್ಪಬೇಕೆಂಬ ಅವರ ಶಾಸನಬದ್ಧ ದೂರನ್ನು ಸರ್ಕಾರ 2011ರ ಡಿಸೆಂಬರ್ 30ರಂದು ತಳ್ಳಿಹಾಕಿತು. 2012ರ ಫೆಬ್ರುವರಿ 10ರಂದು ಅವರು ಸುಪ್ರೀಂ ಕೋರ್ಟಿನಿಂದ ಅರ್ಜಿ ಹಿಂಪಡೆದರು, ಮೇ 31ಕ್ಕೆ ನಿವೃತ್ತರಾದರು. ನಿಜವಾಗಿ ಹುಟ್ಟಿದ್ದು ಯಾವಾಗ ಎನ್ನುವುದು ಪ್ರಶ್ನೆಯಲ್ಲ, ಸೇವಾ ದಾಖಲೆಯಲ್ಲಿ ಯಾವ ದಿನಾಂಕ ಮಾನ್ಯವಾಗಿದೆ ಎನ್ನುವುದು ಪ್ರಶ್ನೆ ಎಂಬ ಅರ್ಥದಲ್ಲಿ ನ್ಯಾಯಪೀಠ ಮಾತಾಡಿತು. ಅಷ್ಟು ಎತ್ತರದಲ್ಲಿದ್ದವರಿಗೇ ಆಗದ್ದು ನಾಯಕ್ ಶ್ರೇಣಿಯಲ್ಲಿ ನಿವೃತ್ತರಾದ ಒಬ್ಬರಿಗೆ ಈಗ ಆಗುವುದು ತೀರಾ ಕಷ್ಟ.

ಹಾಗಾಗಿ ಸೇವಾ ದಾಖಲೆಗೂ ಆಧಾರ್‌ಗೂ ಜನ್ಮ ದಿನಾಂಕ ಹೊಂದದಿದ್ದರೆ ಸಾಮಾನ್ಯವಾಗಿ ತಿದ್ದಬೇಕಾದದ್ದು ಆಧಾರ್ ಮತ್ತು ಪ್ಯಾನ್. ಆಧಾರ್‌ನಲ್ಲಿ ಜನ್ಮ ದಿನಾಂಕ ಬದಲಿಸಲು ಒಂದೇ ಅವಕಾಶ, ಹೆಸರಿಗೆ ಎರಡು. ಪಿಪಿಒ ಮುಂದಿಟ್ಟುಕೊಳ್ಳದೆ ಸೈಬರ್ ಸೆಂಟರ್‌ಗೆ ಹೋಗಿ ಆ ಒಂದು ಅವಕಾಶವನ್ನು ಕಳೆದುಕೊಳ್ಳಬೇಡಿ.

ಪತ್ನಿಯ ಜನ್ಮ ದಿನಾಂಕದ ಮಾತು ಬೇರೆ. ಹಳೆಯ ಪಿಪಿಒಗಳಲ್ಲಿ ಅದು ಇರುತ್ತಲೇ ಇರಲಿಲ್ಲ, ಎಷ್ಟೋ ಸಲ ಹೆಸರೂ ಇರುತ್ತಿರಲಿಲ್ಲ. ಆರನೇ ವೇತನ ಆಯೋಗದ ನಂತರ, 2006ರ ಜನವರಿ 1ರಿಂದ, 80 ತುಂಬಿದವರಿಗೆ ಶೇ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರಕ್ಕೆ ಶೇ 100 ಹೆಚ್ಚುವರಿ ಪಿಂಚಣಿ ಬಂತು. ದಾಖಲೆಯಲ್ಲಿ ಹುಟ್ಟಿದ ದಿನವೇ ಇಲ್ಲದ ಅಜ್ಜಿಗೆ 80 ತುಂಬುವುದು ಯಾವಾಗ? ಇದನ್ನು ಸೇರಿಸಲು ಪ್ಯಾನ್, ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥ ದಾಖಲೆ ನಡೆಯುತ್ತವೆ. ಎರಡು ದಾಖಲೆ ಕೊಡುವಾಗ ಎರಡರಲ್ಲೂ ಒಂದೇ ದಿನಾಂಕ ಇದೆಯೇ ನೋಡಿಕೊಳ್ಳಿ.

ಮುಚ್ಚಿದ್ದು ಹೊರಬಂದ ಮೂರು ಸಂದರ್ಭ

ಮೊದಲನೆಯದು ಈಗ ಹೇಳಿದ ವಯಸ್ಸಿನ ಹೆಚ್ಚುವರಿ ಪಿಂಚಣಿ. ಎರಡನೆಯದು ಸಮಾನ ಶ್ರೇಣಿಗೆ ಸಮಾನ ಪಿಂಚಣಿ (ಒಆರ್‌ಒಪಿ). 2015ರ ನವೆಂಬರ್ 7ರ ಆದೇಶ 2014ರ ಜುಲೈ 1ರಿಂದ ಅನ್ವಯವಾಯಿತು. ಶ್ರೇಣಿ, ಟ್ರೇಡ್ ಅಂದರೆ ಕೆಲಸದ ಬಗೆಗೆ ತಕ್ಕ ವೇತನದ ಗುಂಪು, ಅರ್ಹ ಸೇವೆಯ (ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆಯ) ವರ್ಷ ಈ ಮೂರನ್ನೂ ಕೋಷ್ಟಕದಲ್ಲಿ ಹೊಂದಿಸಿ ಮೊತ್ತ ತೆಗೆಯಬೇಕಿತ್ತು. ಆಗ ಪಿಂಚಣಿ ಪಾವತಿಸುತ್ತಿದ್ದ ಬ್ಯಾಂಕುಗಳ ಬಳಿ ಎಷ್ಟೋ ಹಳೆಯ ಪಿಂಚಣಿದಾರರ ಗುಂಪಾಗಲೀ ಸೇವಾವಧಿಯಾಗಲೀ ಇರಲೇ ಇಲ್ಲ. ಎಕ್ಸ್, ವೈ, ಝಡ್ ಎಂಬ ಗುಂಪುಗಳು ಬಂದದ್ದು 1997ರ ಅಕ್ಟೋಬರ್ 10ರಿಂದ. ಅದಕ್ಕೂ ಮುಂಚೆ ಬಿಟ್ಟುಬಂದವರ ಟ್ರೇಡ್ ಯಾವ ಗುಂಪಿಗೆ ಸೇರುತ್ತದೆ ಎನ್ನುವುದೇ ಗೊಂದಲವಾಯಿತು.

ಸೇವಾವಧಿಯ ಲೆಕ್ಕ ಸೂಕ್ಷ್ಮ. ಮೂರು ತಿಂಗಳು ಅಥವಾ ಹೆಚ್ಚಿನ ತುಂಡನ್ನು ಪೂರ್ತಿ ಅರ್ಧ ವರ್ಷ ಎಂದು ಎಣಿಸುತ್ತಾರೆ. 17 ವರ್ಷ 8 ತಿಂಗಳು 25 ದಿನ ಇದ್ದರೆ ಹದಿನೇಳೂವರೆ; 17 ವರ್ಷ 9 ತಿಂಗಳಾದರೆ 18. ರಜೆ ಮೀರಿ ಉಳಿದ ಹತ್ತು ದಿನವನ್ನು ಆಮೇಲೆ ಕಮಾಂಡಿಂಗ್ ಆಫೀಸರ್ ರಜೆಯೆಂದೇ ಸಕ್ರಮ ಮಾಡಿದ್ದರೂ, ಆ ಪಾರ್ಟ್ 2 ಆರ್ಡರ್ ಹೊರಡದಿದ್ದರೆ ಹತ್ತು ದಿನ ಅರ್ಹವಲ್ಲದ ಸೇವೆಯಾಗಿ ಉಳಿದು, ಜೀವನಪೂರ್ತಿ ಅರ್ಧ ವರ್ಷದ ಮೆಟ್ಟಿಲು ಕೆಳಗೇ ಪಿಂಚಣಿ ಬರುತ್ತದೆ.

ಮೂರನೆಯದು ಸ್ಪರ್ಶ್. 2021ರಿಂದ ಹಂತ ಹಂತವಾಗಿ ಪಿಂಚಣಿದಾರರು ಬ್ಯಾಂಕುಗಳಿಂದ ಇದಕ್ಕೆ ವರ್ಗವಾದರು, 12 ಅಂಕಿಯ ಹೊಸ ಪಿಪಿಒ ಸಂಖ್ಯೆ ಬಂತು. ಬ್ಯಾಂಕಿನ ಮ್ಯಾನೇಜರ್ ಮುಖ ನೋಡಿ ಗುರುತಿಸುತ್ತಿದ್ದ ಕಾಲ ಮುಗಿದು, ಹೆಸರು ಮತ್ತು ದಿನಾಂಕಗಳನ್ನು ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುವ ಕಾಲ ಬಂತು.

ತಿದ್ದುವ ದಾರಿ

ವಿಳಾಸ, ಮೊಬೈಲ್‌ನಂಥವನ್ನು ಪಿಂಚಣಿದಾರರೇ ಸ್ಪರ್ಶ್‌ನಲ್ಲಿ ಬದಲಿಸಬಹುದು. ಹೆಸರು, ಕುಟುಂಬ, ಸೇವಾವಧಿ, ಗುಂಪು ಇವಕ್ಕೆ ರೆಕಾರ್ಡ್ ಆಫೀಸ್ ಒಪ್ಪಲೇಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪ್, ಪ್ಯಾರಾಶೂಟ್ ರೆಜಿಮೆಂಟ್, ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ದಕ್ಷಿಣ, ಮಿಲಿಟರಿ ಪೊಲೀಸ್, ಪಯೋನಿಯರ್ ಕೋರ್ ಇವುಗಳ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇವೆ; ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ. ಇಎಂಇ (ಎಲೆಕ್ಟ್ರಾನಿಕ್ಸ್ ಆ್ಯಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ಕೋರ್‌ನವರು ಸಿಕಂದರಾಬಾದ್‌ಗೆ, ಸಿಗ್ನಲ್ಸ್‌ನವರು ಜಬಲ್‌ಪುರಕ್ಕೆ, ಆರ್ಟಿಲರಿಯವರು ನಾಸಿಕ್ ರೋಡ್‌ಗೆ, ಮದ್ರಾಸ್ ರೆಜಿಮೆಂಟಿನವರು ವೆಲ್ಲಿಂಗ್ಟನ್‌ಗೆ ಬರೆಯಬೇಕು. ವಾಯುಪಡೆಯದು ದೆಹಲಿಯ ಸುಬ್ರೋತೊ ಪಾರ್ಕ್, ನೌಕಾಪಡೆಯ ನಾವಿಕರದು ಮುಂಬೈ.

ಅರ್ಜಿ ಇಂಗ್ಲಿಷಿನಲ್ಲಿರಲಿ, ಒಂದೇ ಪುಟ ಸಾಕು. ಮೇಲೆ ಸೇವಾ ಸಂಖ್ಯೆ, ಶ್ರೇಣಿ, ಪಿಪಿಒದಲ್ಲಿರುವ ಹಾಗೆಯೇ ಹೆಸರು. ಕೆಳಗೆ ಎರಡು ಸಾಲು: ಈಗ ದಾಖಲೆಯಲ್ಲಿರುವುದು, ಇರಬೇಕಾದದ್ದು. ಜೊತೆಗೆ ಪಿಪಿಒ ಮತ್ತು ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಇಬ್ಬರ ಆಧಾರ್ ಮತ್ತು ಪ್ಯಾನ್, ಜಂಟಿ ಫೋಟೊ, ವಿವಾಹ ನೋಂದಣಿ ಪತ್ರ, ಅಫಿಡವಿಟ್. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೇಲುಸಹಿ ಮಾಡಿಸಿ, ಅಲ್ಲಿಂದಲೇ ಮುಂದೆ ಕಳಿಸಿಕೊಟ್ಟರೆ ಇನ್ನೂ ಒಳ್ಳೆಯದು. ನೀವೇ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅಸಲಿ ಡಿಸ್ಚಾರ್ಜ್ ಬುಕ್ ಕೊಡಬೇಡಿ. ಬರಹದಲ್ಲಿ ಕೇಳಿದರೆ ಮಾತ್ರ, ಅದೂ ಪ್ರತಿ ಪುಟದ ಜೆರಾಕ್ಸ್ ಮಾಡಿಸಿಕೊಂಡ ಮೇಲೆ.

ಅತಿ ಹೆಚ್ಚು ಅರ್ಜಿ ವಾಪಸ್ ಬರುವುದು ಅಫಿಡವಿಟ್‌ನಿಂದ. ಟೈಪ್ ಮಾಡುವವರು ಅಂದಾಜಿನ ಮೇಲೆ ಸ್ಪೆಲಿಂಗ್ ಹಾಕಿ, ಎರಡಿದ್ದ ರೂಪವನ್ನು ಮೂರು ಮಾಡಿಬಿಡುತ್ತಾರೆ. ದಾಖಲೆಯಲ್ಲಿರುವ ತಪ್ಪನ್ನೂ ಅಕ್ಷರ, ಚುಕ್ಕಿ, ನಡುವಿನ ಜಾಗ ಸಮೇತ ಹಾಗೆಯೇ ಬರೆದು, ಎರಡೂ ಒಬ್ಬ ವ್ಯಕ್ತಿಯದೇ ಎಂದು ಘೋಷಿಸಬೇಕು. ನೋಟರಿ ಮುಂದೆ ಮಾಡಿದ್ದು ಸಾಲದು, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿದ್ದೇ ಬೇಕು ಎಂದು ಕೇಳುವುದೂ ಉಂಟು. ಮೊದಲೇ ವಿಚಾರಿಸಿದರೆ ಎರಡು ಸಲದ ಖರ್ಚು ತಪ್ಪುತ್ತದೆ. ಕನ್ನಡದಲ್ಲಿರುವ ಶಾಲಾ ಪತ್ರ, ಮರಣ ಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಲಗತ್ತಿಸಿ. ಜಬಲ್‌ಪುರದ ಮೇಜಿನಲ್ಲಿ ಕನ್ನಡ ಓದುವವರು ಸಿಗುವುದಿಲ್ಲ.

ರೆಕಾರ್ಡ್ ಆಫೀಸ್ ಒಪ್ಪಿದರೆ ಪಾರ್ಟ್ 2 ಆರ್ಡರ್ ಪ್ರಕಟಿಸಿ, ಶೀಟ್ ರೋಲ್ ತಿದ್ದಿ, ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕ ನಿಯಂತ್ರಕರಿಗೆ ಕಳಿಸುತ್ತದೆ. ಅಲ್ಲಿಂದ ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಪಿಂಚಣಿ ಆದೇಶ, ಬರುತ್ತದೆ. ಕೈಗೆ ಬಂದ ದಿನವೇ ಓದಿ ನೋಡಿ, ಹೊಸ ಆದೇಶದಲ್ಲೂ ತಪ್ಪು ನುಸುಳಿರಬಹುದು. ಮಕ್ಕಳ ಹೆಸರನ್ನೂ ಇದೇ ಅರ್ಜಿಯಲ್ಲಿ ಸರಿಪಡಿಸಿಕೊಳ್ಳಿ. ಸಿಇಟಿಯ ಸೈನಿಕ ಕೋಟಾಕ್ಕೆ ಹೋದಾಗ ಡಿಸ್ಚಾರ್ಜ್ ಬುಕ್ಕಿನ ಹೆಸರಿಗೂ ಎಸ್ಸೆಸ್ಸೆಲ್ಸಿ ಹೆಸರಿಗೂ ತಾಳೆಯಾಗದೆ ಸಂಕಟಪಡುವುದು ಸಾಮಾನ್ಯ. ಅಂಗವಿಕಲ ಮಗ ಅಥವಾ ಮಗಳಿದ್ದರೆ ಅವರ ಹೆಸರು ತಂದೆತಾಯಿ ಬದುಕಿರುವಾಗಲೇ ಕುಟುಂಬ ಪಿಂಚಣಿಗೆ ಸೇರಬೇಕು. ಮೊದಲ ಪತ್ನಿ ತೀರಿಕೊಂಡು ಎರಡನೇ ಮದುವೆಯಾಗಿದ್ದರೆ ಆಕೆಯ ಮರಣ ಪತ್ರ ಮತ್ತು ನಂತರದ ದಿನಾಂಕದ ಮದುವೆಯ ಪುರಾವೆ ಎರಡೂ ಬೇಕು.

ನಿವೃತ್ತಿಯ ನಂತರ ಡಿಫೆನ್ಸ್ ಸೆಕ್ಯುರಿಟಿ ಕೋರ್ ಸೇರಿದವರಿಗೆ ಎರಡು ಶೀಟ್ ರೋಲ್ ಇರುತ್ತವೆ: ಹಳೆಯ ರೆಜಿಮೆಂಟಿನದು ಒಂದು, ಕಣ್ಣೂರಿನ ಡಿಎಸ್‌ಸಿ ರೆಕಾರ್ಡ್ಸ್‌ನದು ಇನ್ನೊಂದು. ಒಂದರಲ್ಲಿ ತಿದ್ದಿಸಿ ಇನ್ನೊಂದನ್ನು ಮರೆತರೆ ಒಂದು ಕುಟುಂಬಕ್ಕೆ ಎರಡು ಹೆಸರು ಹಾಗೇ ಉಳಿಯುತ್ತವೆ.

ಕಡತವೇ ಇಲ್ಲ ಎಂದರೆ

ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮ ಸೇನಾ ನಿಯಮಾವಳಿಯಲ್ಲಿದೆ. ಆಗ ಉಳಿಯುವುದು ಲಾಂಗ್ ರೋಲ್. ಅದರಲ್ಲಿ ಸಂಖ್ಯೆ, ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ಬಿಟ್ಟ ಕಾರಣದಂಥ ಸಂಕ್ಷಿಪ್ತ ವಿವರ ಮಾತ್ರ. ಮನೆಯ ಪೆಟ್ಟಿಗೆಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಆಗ ಮುಖ್ಯ ಸಾಕ್ಷಿ.

ಕಡತದಲ್ಲಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಒಳ್ಳೆಯ ಸಾಧನ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ನನ್ನ ದಾಖಲೆ ಕೊಡಿ’ ಎನ್ನದೆ ಶೀಟ್ ರೋಲ್, ಕಿಂಡ್ರೆಡ್ ರೋಲ್, ಇಂಥ ವರ್ಷದ ಪಾರ್ಟ್ 2 ಆರ್ಡರ್, ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ ಎಂದು ಹೆಸರಿಸಿ ಪ್ರಮಾಣಿತ ಪ್ರತಿ ಕೇಳಿ. ವೈದ್ಯಕೀಯ ವರದಿಯಲ್ಲಿ ಕಾಯಿಲೆಗೆ ಸೇವೆ ಕಾರಣವಲ್ಲ ಎಂದು ಬರೆದಿದ್ದರೆ ಅದು ಅಫಿಡವಿಟ್‌ನಿಂದ ತಿದ್ದುವ ತಪ್ಪಲ್ಲ, ಮೇಲ್ಮನವಿಯ ವಿಷಯ. ಭರ್ತಿಯ ವೇಳೆ ಆ ಕಾಯಿಲೆ ದಾಖಲಾಗಿರದಿದ್ದರೆ ಅದು ಸೇವೆಯಿಂದ ಬಂದದ್ದೆಂದು ಮೊದಲಿಗೆ ಭಾವಿಸಬೇಕು ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳುತ್ತದೆ.

ಕಚೇರಿ ಒಪ್ಪದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿತು. ಕರ್ನಾಟಕಕ್ಕೆ ಕೊಚ್ಚಿ ಪೀಠ. ಅಲ್ಲಿಗೆ ಹೋಗುವ ಮುನ್ನ ಲಭ್ಯವಿರುವ ಇಲಾಖಾ ದಾರಿಗಳನ್ನು ಮುಗಿಸಿರಬೇಕು. ತಿರಸ್ಕಾರದ ಆದೇಶ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಪಿಂಚಣಿಯ ತಪ್ಪು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾಗಿ ಹೋದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಸಾಮಾನ್ಯವಾಗಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷದ ಬಾಕಿ ಮಾತ್ರ.