ಕೇಪುಳದ ಬುಡಕ್ಕೆ ಮೊಳೆ ಹೂಳಿದ್ದು ಸಾಕು

ಪ್ರಶ್ನೆ: ಕರಾವಳಿಯ ಊರಿಂದ ತಂದ ಕೇಪುಳ (ಇಕ್ಸೋರಾ) ಪುಣೆಯಲ್ಲಿ ಆರೇ ತಿಂಗಳಿಗೆ ಹಳದಿ ತಿರುಗಿದೆ. ಬುಡದಲ್ಲಿ ತುಕ್ಕು ಮೊಳೆ ಹೂಳಿದರೂ ಹಸಿರಾಗಿಲ್ಲ. ಇನ್ನೆಷ್ಟು ಹಾಕಬೇಕು?

ಉತ್ತರ: ಒಂದೂ ಬೇಡ. ಹಾಕಿದ್ದನ್ನೂ ತೆಗೆಯಿರಿ, ಮಣ್ಣು ಬದಲಿಸುವಾಗ ಕೈಗೆ ಚುಚ್ಚುತ್ತದೆ.

ಮೊದಲು ಯಾವ ಎಲೆ ಹಳದಿ ಎಂದು ನೋಡಿ. ಬುಡದ ಹಳೇ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಸಾರಜನಕ ಸಾಲದು, ಗೊಬ್ಬರ ಹಾಕಿ ಸುಮ್ಮನಿರಿ. ತುದಿಯ ಎಳೆ ಎಲೆ ಹಳದಿಯಾಗಿ, ನರಗಳಷ್ಟೇ ಬಲೆ ಹೆಣೆದಂತೆ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಇಲ್ಲಿಯವರೆಗೆ ಮೊಳೆ ಪಂಡಿತರು ಹೇಳುವುದೂ ಸರಿಯೇ. ಎಡವುವುದು ಮುಂದಿನ ಹೆಜ್ಜೆಯಲ್ಲಿ.

ಪುಣೆಯ ಕಪ್ಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರಗಾಲವಿಲ್ಲ. ಅದು ಹುಟ್ಟಿದ ಬಸಾಲ್ಟ್ ಕಲ್ಲಿನಲ್ಲೇ ಬೇಕಾದಷ್ಟಿದೆ. ಇರುವುದು ಕರಗುವುದಿಲ್ಲ, ಅಷ್ಟೇ ತೊಂದರೆ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) ಒಂದಂಕಿ ಏರಿದರೆ ಕರಗುವ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಕೇಪುಳಕ್ಕೆ ಒಗ್ಗುವುದು 5ರಿಂದ 6. ಇಲ್ಲಿನ ಸುಣ್ಣದ ಮಣ್ಣು 8ರ ಹತ್ತಿರ. ತುಕ್ಕು ಎಂದರೆ ಆ ಕರಗದ ಕಬ್ಬಿಣವೇ. ವರ್ಷದ ಮೇಲೆ ಮೊಳೆ ಕಿತ್ತು ನೋಡಿ: ಕಂದು ಹೊಪ್ಪಳೆ ಮೊಳೆಗೇ ಅಂಟಿಕೊಂಡಿರುತ್ತದೆ, ಅರ್ಧ ಇಂಚು ಆಚೆಯ ಮಣ್ಣು ಮೊದಲಿನಂತೆಯೇ ಕಪ್ಪು. ಊರಿನ ಮುರಕಲ್ಲ (ಜಂಬಿಟ್ಟಿಗೆ) ಮಣ್ಣಿನ ಕೆಂಪು ಕೂಡ ತುಕ್ಕಿನ ಬಣ್ಣವೇ. ಅಲ್ಲಿ ಕೇಪುಳ ಗುಡ್ಡೆ ತುಂಬಾ ನಗುವುದು ಮಣ್ಣು ಹುಳಿ ಇರುವುದರಿಂದ. ಮೊಳೆ ಸ್ವಲ್ಪವಾದರೂ ಕರಗುವುದು ಹುಳಿ ಮಣ್ಣಿನಲ್ಲಿ, ಆ ಮಣ್ಣಿನ ಗಿಡಕ್ಕೆ ಮೊಳೆಯೇ ಬೇಕಿಲ್ಲ. ಚಹಾ ಚರಟ, ಮಜ್ಜಿಗೆಯ ಬಗ್ಗೆ ಕೇಳಬೇಡಿ, ಅವೂ ಸುಣ್ಣದ ಮುಂದೆ ಸೋಲುತ್ತವೆ.

ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹನಿಸಿ. ಚುರ್ ಎಂದು ನೊರೆ ಎದ್ದರೆ ಸುಣ್ಣವಿದೆ. ಅಂಥ ಮಣ್ಣನ್ನು ಗಂಧಕ ಹಾಕಿ ತಿದ್ದುವ ಆಸೆಯೂ ಬೇಡ. 20 ಕಿಲೋ ಮಣ್ಣಿನಲ್ಲಿ ನೂರಕ್ಕೆ ಐದು ಪಾಲು ಸುಣ್ಣವಿದ್ದರೆ, ಅದನ್ನು ಮುಗಿಸಲೇ 320 ಗ್ರಾಂ ಗಂಧಕ ಬೇಕು. ಗಿಡವನ್ನೇ 14 ಇಂಚಿನ ಕುಂಡಕ್ಕೆ ಎತ್ತಿ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎಲೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಸಿಮೆಂಟ್ ಕುಂಡ ಬೇಡ, ಅದೂ ಸುಣ್ಣ ಬಿಡುತ್ತದೆ.

ಆದರೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಹೊಯ್ದರೆ ವರ್ಷದೊಳಗೆ ಮತ್ತೆ ಹಳದಿ. ಬೇರು ತಾನೇ ಹುಳಿ ಬಿಟ್ಟು ಕಬ್ಬಿಣ ಕರಗಿಸಿಕೊಳ್ಳುತ್ತದೆ. ಗಡಸು ನೀರು ಆ ಹುಳಿಯನ್ನು ಅಲ್ಲೇ ಸಾಯಿಸುತ್ತದೆ. ಆರ್‌ಒ ಯಂತ್ರದ ತ್ಯಾಜ್ಯ ನೀರು ಇನ್ನೂ ಕೆಟ್ಟದ್ದು, ಅದರಿಂದ ನೆಲ ಒರೆಸಿ. ಮಳೆ ನೀರು ಹಿಡಿದಿಡಿ. ಮುಂಬೈಯವರ ನಳ್ಳಿಗೆ ತಾನ್ಸಾ, ಭಾತ್ಸಾ ಜಲಾಶಯಗಳ ಮೆದು ನೀರು ಬರುತ್ತದೆ. ಅಲ್ಲಿಯೂ ಹಳದಿಯಾದರೆ ಹೊಸ ಗಾರೆಯ ಗೋಡೆ ಪಕ್ಕದಲ್ಲಿದೆಯೇ ನೋಡಿ.

ತುರ್ತಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಇದೆ, ಇಲ್ಲಿನ ಅಂಗಡಿಯಲ್ಲಿ ಹಿರಾಕಸ ಎನ್ನಿ. ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಹಿರಾಕಸ. ಸಂಜೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ, ಹತ್ತು ಹನ್ನೆರಡು ದಿನಕ್ಕೊಮ್ಮೆ, ಮೂರು ಸಲ. ದ್ರಾವಣ ಕಂದಾದರೆ ಚೆಲ್ಲಿ. ಟೈಲ್ಸ್ ಮೇಲೆ ಬಿದ್ದ ಕಲೆ ಸುಲಭಕ್ಕೆ ಹೋಗುವುದಿಲ್ಲ, ಪೇಪರ್ ಹಾಸಿ. ಮಣ್ಣಿಗೇ ಹಾಕುವುದಾದರೆ ಇಡಿಡಿಎಚ್‌ಎ ಎಂದು ಬರೆದ, ಕಬ್ಬಿಣವನ್ನು ಕರಗಿದಂತೆಯೇ ಹಿಡಿದಿಡುವ ಕೆಂಗಂದು ಪುಡಿಯನ್ನೇ ಕೇಳಿ. ಇಡಿಟಿಎ ಎಂದಿರುವುದು ಸುಣ್ಣದ ಮಣ್ಣಿನಲ್ಲಿ ಕಬ್ಬಿಣವನ್ನು ಬಿಟ್ಟು ಕ್ಯಾಲ್ಸಿಯಂ ಕೈ ಹಿಡಿಯುತ್ತದೆ. ಗುಣವಾಯಿತೇ ಎಂದು ಹೊಸ ಚಿಗುರು ನೋಡಿ ಹೇಳಿ, ಹಳೇ ಎಲೆಯನ್ನು ದಿನಾ ತಡವಬೇಡಿ. ಡಿಸೆಂಬರ್ ಚಳಿಯಲ್ಲಿ ಚಿಗುರೇ ಬರುವುದಿಲ್ಲ, ಫೆಬ್ರವರಿ ಕೊನೆಗೆ ಶುರು ಮಾಡಿ.

ಹಾಗೆಯೇ, ಯಾರೂ ಕೇಳದ ಒಂದು ವಿಷಯ. ಸೊಸೈಟಿಯ ಬೇಲಿಯ ಕೇಪುಳ ಎಲೆ ಹಸಿರಿದ್ದೂ ಹೂ ಬಿಡುವುದಿಲ್ಲವಲ್ಲ? ಮೊಗ್ಗು ಮೂಡುವುದು ಚಿಗುರಿನ ತುದಿಯಲ್ಲಿ. ಮಾಲಿ ಹದಿನೈದು ದಿನಕ್ಕೊಮ್ಮೆ ಆ ತುದಿಯನ್ನೇ ಚಪ್ಪಟೆ ಕತ್ತರಿಸುತ್ತಾನೆ. ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಎರಡು ಜೊತೆ ಎಲೆಯವರೆಗೆ ಕತ್ತರಿಸಲಿ. ದೊಡ್ಡ ಕತ್ತರಿ ಬೇಕಾದರೆ ಜೂನ್‌ನ ಮೊದಲ ಮಳೆಗೆ, ವರ್ಷಕ್ಕೊಮ್ಮೆ.