ಇಮೇಲ್‌ನಲ್ಲಿ ಫ್ಯಾಕ್ಸ್ ಕಳಿಸಿದೆ, ‘ಸೆಂಟ್’ ಅಂತ ಬಂತು. ಹಾಗಾದ್ರೆ ತಲುಪಿತಾ?

ಪ್ರಶ್ನೆ: ಒಂದು ಫ್ಯಾಕ್ಸ್ ಸರ್ವಿಸ್ ಮೂಲಕ ಇಮೇಲ್‌ನಿಂದಲೇ ನಾಲ್ಕು ಪುಟ ಫ್ಯಾಕ್ಸ್ ಮಾಡಿದೆ. ‘ಸೆಂಟ್’ ಅಂತ ತೋರಿಸುತ್ತಿದೆ. ಅವರಿಗೆ ತಲುಪಿದ ಹಾಗೇ ತಾನೇ?

ಉತ್ತರ: ಇಲ್ಲ. ಇದೇ ಉತ್ತರವನ್ನು ಬೇರೆ ಬೇರೆಯವರಿಗೆ ಬರೆದು ಬರೆದು ನನಗೆ ಸಾಕಾಗಿದೆ. ಜಾಸ್ತಿ ಕೇಳುವವರು ಅಮೆರಿಕದಲ್ಲಿರುವ ನಮ್ಮವರು. ಅಲ್ಲಿನ ಆಸ್ಪತ್ರೆಗಳಲ್ಲಿ ಇವತ್ತಿಗೂ ‘ರೆಕಾರ್ಡ್ಸ್ ಫ್ಯಾಕ್ಸ್ ಮಾಡಿ’ ಅಂತಾರೆ, ಮನೆಯಲ್ಲಿ ಮೆಷೀನ್ ಇರಲ್ಲ, ಆಗ ಇಮೇಲ್ ದಾರಿ ಹಿಡಿಯುತ್ತಾರೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಫೋನ್ ಲೈನಿನ ಫ್ಯಾಕ್ಸ್ ಅಂದರೆ ಎರಡು ಮೆಷೀನುಗಳ ಮಾತುಕತೆ. ನಂಬರ್ ಒತ್ತಿದ ಮೇಲೆ ಕೇಳುವ ಆ ಕೀರಲು ಸದ್ದಿಗೆ ಅರ್ಥ ಇದೆ. ಕರೆ ಮಾಡಿದ ಮೆಷೀನ್ 1100 ಹರ್ಟ್ಸ್‌ನಲ್ಲಿ ಬಿಟ್ಟು ಬಿಟ್ಟು ಕೂಗುತ್ತದೆ, ಆ ಕಡೆಯದು 2100 ಹರ್ಟ್ಸ್‌ನಲ್ಲಿ ಓಗೊಡುತ್ತದೆ. ಆಮೇಲೆ ಆ ಕಡೆಯ ಮೆಷೀನ್ ತನ್ನ ಕೈಲಿ ಏನೇನಾಗುತ್ತದೆ ಅಂತ ಹೇಳುತ್ತದೆ: ಇಷ್ಟು ಸ್ಪೀಡು, ಇಷ್ಟಗಲದ ಕಾಗದ, ಇಂಥ ಕಂಪ್ರೆಷನ್. ಪುಟ ಮುಗಿದು ಸರಿಯಾಗಿ ಬಂದಿದ್ದರೆ ‘ಬಂತು’ ಅಂತ ವಾಪಸ್ ಒಂದು ಸಂಕೇತ ಕಳಿಸುತ್ತದೆ. ಫ್ಯಾಕ್ಸ್ ಮೆಷೀನುಗಳ ಮಾತುಕತೆಗೆ ಇರುವ ಟಿ.30 ಅನ್ನುವ ನಿಯಮದಲ್ಲಿ ಅದರ ಹೆಸರು ಎಂಸಿಎಫ್. ನಿಮ್ಮ ಮೆಷೀನಿನಿಂದ ಹೊರಬರುವ ‘ಓಕೆ’ ಚೀಟಿಗೆ ಆಧಾರ ಇದೇ. ಅಂದರೆ ಆ ಓಕೆ ಬಂದದ್ದು ಆ ಕಡೆಯಿಂದ. ಇದನ್ನು ನೆನಪಿಡಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇಮೇಲ್‌ನಲ್ಲಿ ಈ ಮಾತುಕತೆ ಇಲ್ಲ. ಅದು ಅಂಚೆ ಡಬ್ಬಿಗೆ ಹಾಕಿದ ಕಾಗದದ ಹಾಗೆ. ‘ಸೆಂಟ್’ ಅಂದರೆ ಡಬ್ಬಿಗೆ ಬಿತ್ತು ಅಂತ, ಅಷ್ಟೇ. ಅಲ್ಲಿಂದ ಒಂದೆರಡು ಸರ್ವರ್ ದಾಟಿ ಕೊನೆಗೆ ಒಂದು ಗೇಟ್‌ವೇಗೆ, ಅಂದರೆ ಇಮೇಲನ್ನು ಫೋನ್ ಲೈನಿನ ಫ್ಯಾಕ್ಸ್ ಆಗಿ ಬದಲಿಸುವ ಕಂಪ್ಯೂಟರಿಗೆ, ಹೋಗುತ್ತದೆ, ಆ ಗೇಟ್‌ವೇ ನಿಜವಾದ ಫೋನ್ ನಂಬರಿಗೆ ಡಯಲ್ ಮಾಡುತ್ತದೆ, ಆಗ ಲೈನ್ ಬಿಜಿ ಇರಬಹುದು, ಯಾರೋ ಫೋನೆತ್ತಿ ‘ಹಲೋ’ ಅನ್ನಬಹುದು, ಮೆಷೀನಿನಲ್ಲಿ ಕಾಗದ ಮುಗಿದಿರಬಹುದು. ಮೇಲ್ ಸರ್ವರ್‌ಗಳ ನಿಯಮದಲ್ಲಂತೂ ಕೈಬಿಡುವ ಮುಂಚೆ ನಾಲ್ಕೈದು ದಿನ ಪ್ರಯತ್ನ ಮಾಡುತ್ತಲೇ ಇರಿ ಅಂತ ಇದೆ. ಮೇಲ್‌ಗೆ ತಡ ಅನ್ನುವುದು ತಪ್ಪೇ ಅಲ್ಲ.

ಇದನ್ನು ನಿಯಮ ಬರೆದವರೂ ಮುಚ್ಚಿಟ್ಟಿಲ್ಲ. 1998ರ ಮಾರ್ಚ್‌ನಲ್ಲಿ ಇಂಟರ್ನೆಟ್‌ನ ನಿಯಮ ರೂಪಿಸುವ ಐಇಟಿಎಫ್‌ನವರು ಆರ್‌ಎಫ್‌ಸಿ 2305 ಅನ್ನುವ ನಿಯಮ ಪತ್ರ ತಂದರು, ಅದೇ ವರ್ಷ ಜೂನ್‌ನಲ್ಲಿ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುನ ಟಿ.37 ನಿಯಮ ಬಂತು. ಇಮೇಲ್ ಫ್ಯಾಕ್ಸ್‌ಗೆ ಅಡಿಪಾಯ ಇವೆರಡು. ಅವುಗಳಲ್ಲಿ ಹೇಳಿದ ‘ಸರಳ ವಿಧಾನ’ದಲ್ಲಿ, ಸುದ್ದಿ ತಿಳಿಸುವ ವಿಷಯಕ್ಕೆ ಕಡ್ಡಾಯ ಮಾಡಿದ್ದು ಒಂದನ್ನೇ: ತಲುಪದಿದ್ದರೆ ಕಳಿಸಿದವರಿಗೆ ತಿಳಿಸಬೇಕು. ತಲುಪಿದರೆ ತಿಳಿಸಲೇಬೇಕು ಅಂತಿಲ್ಲ. ಸುದ್ದಿ ಬರಲಿಲ್ಲ ಅಂದ್ರೆ ತಲುಪಿದೆ ಅಂತ ನೀವು ಅಂದುಕೊಳ್ಳುತ್ತೀರಿ. ಆದರೆ ‘ತಲುಪಲಿಲ್ಲ’ ಅನ್ನುವ ಆ ಸುದ್ದಿಯೂ ಒಂದು ಇಮೇಲೇ ಅಲ್ವಾ? ನನಗೇ ಒಮ್ಮೆ ಹೀಗಾಯಿತು. ಸಹಿ ಮಾಡಿದ ಫಾರಂ ಒಂದನ್ನು ಹೀಗೆ ಕಳಿಸಿ ನೆಮ್ಮದಿಯಾಗಿದ್ದೆ. ಮೂರನೇ ದಿನ ನೋಡಿದರೆ ಸ್ಪ್ಯಾಮ್ ಫೋಲ್ಡರಿನಲ್ಲಿ ‘ಲೈನ್ ಬಿಜಿ, ಕಳಿಸಲಾಗಲಿಲ್ಲ’ ಅಂತ ಬಿದ್ದಿತ್ತು. ಕೊನೆ ದಿನಾಂಕ ಹಿಂದಿನ ದಿನವೇ ಮುಗಿದಿತ್ತು.

‘ನಾನು ರೀಡ್ ರಿಸೀಟ್ ಹಾಕಿದ್ದೇನಲ್ಲ’ ಅನ್ನುವವರಿದ್ದಾರೆ. 1999ರ ಆರ್‌ಎಫ್‌ಸಿ 2532ರಲ್ಲಿ ಎರಡು ಥರದ ರಸೀದಿ ಸೇರಿಸಿದರು. ಡಿಎಸ್‌ಎನ್ ಅಂದರೆ ಮೇಲ್‌ಬಾಕ್ಸ್ ತಲುಪಿತು ಅಂತ. ಎಂಡಿಎನ್ (ನೀವು ಹೇಳುವ ರೀಡ್ ರಿಸೀಟ್ ಇದೇ) ಅಂದರೆ ಆ ಕಡೆ ತೆಗೆದರು ಅಥವಾ ಪ್ರಿಂಟ್ ಆಯಿತು ಅಂತ. ಎರಡೂ ಬೇರೆ ಬೇರೆ, ಬೆರೆಸಬೇಡಿ. ಎಂಡಿಎನ್ ಕೊಡುವುದೂ ಬಿಡುವುದೂ ಓದುವವರ ಇಷ್ಟ, ಬೇಡ ಅಂದರೆ ಬರಲ್ಲ.

ಹಾಗಾದರೆ ಏನು ನೋಡಬೇಕು? ಗೇಟ್‌ವೇ ಡಯಲ್ ಮಾಡಿ ಮುಗಿಸಿದ ಮೇಲೆ ಕೊಡುವ ವರದಿ. ಅದರಲ್ಲಿ ಡಯಲ್ ಆದ ಸಮಯ, ಎಷ್ಟು ಪುಟ ಹೋಯಿತು, ಆ ಕಡೆಯ ಮೆಷೀನಿನ ಗುರುತು ಇರುತ್ತದೆ. ನಾಲ್ಕು ಪುಟ ಕಳಿಸಿದ್ದರೆ ನಾಲ್ಕು ಅಂತಲೇ ಇರಬೇಕು. ಅದು ಸಿಗದಿದ್ದರೆ ಅವರಿಗೆ ಫೋನ್ ಮಾಡಿ ಕೇಳಿ.  

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಮುಂದೆ ಕೇಳೇ ಕೇಳುತ್ತೀರಿ. ಇಮೇಲ್‌ಗೆ ಬಂದ ಫ್ಯಾಕ್ಸ್‌ನ ಟಿಫ್ ಫೈಲ್ (ಪುಟಗಳ ಚಿತ್ರ ಇರುವ ಫೈಲ್) ತೆರೆದರೆ ಕೆಲವು ಆ್ಯಪ್‌ಗಳಲ್ಲಿ ಪುಟ ಅಪ್ಪಚ್ಚಿಯಾದ ಹಾಗೆ ಕಾಣುತ್ತದೆ. ಅಕ್ಷರಗಳು ಕುಳ್ಳಗೆ, ಅಗಲಕ್ಕೆ. ಫೈಲ್ ಕೆಟ್ಟಿರುವುದಿಲ್ಲ. ಇಮೇಲ್ ಕಳಿಸುವವರಿಗೆ ‘ನಿನ್ನ ಕೈಲಿ ಏನಾಗುತ್ತದೆ’ ಅಂತ ಆ ಕಡೆಯವರನ್ನು ಕೇಳುವ ದಾರಿ ಇಲ್ಲ. ಅದಕ್ಕೇ ಸರಳ ವಿಧಾನದಲ್ಲಿ ಎಲ್ಲರಿಗೂ ಓದಲು ಬರುವ ಹಳೇ ಕಪ್ಪು ಬಿಳುಪು ರೂಪವನ್ನೇ ಇಟ್ಟುಕೊಂಡರು. ಒಂದು ಸಾಲಿಗೆ 1728 ಚುಕ್ಕಿ. ಅಡ್ಡಕ್ಕೆ ಇಂಚಿಗೆ 204 ಚುಕ್ಕಿ, ಉದ್ದಕ್ಕೆ ಮಾಮೂಲಿ ಮೋಡ್‌ನಲ್ಲಿ ಬರೀ 98. ಎ4 ಪುಟಕ್ಕೆ ಲೆಕ್ಕ ಹಾಕಿ: ಸುಮಾರು 1145 ಸಾಲು. ಎಲ್ಲ ಚುಕ್ಕಿಯೂ ಚೌಕ ಅಂತ ತಿಳಿಯುವ ಆ್ಯಪ್ ಇದನ್ನು ಅಡ್ಡ ಮಲಗಿಸಿದ ಪುಟದ ಆಕಾರದಲ್ಲಿ ತೋರಿಸುತ್ತದೆ. ಬೇರೆ ವ್ಯೂವರ್‌ನಲ್ಲಿ ತೆರೆದು ನೋಡಿ. ಆದರೂ ಸರಿಹೋಗದಿದ್ದರೆ, ‘ಫೈನ್’ ಮೋಡ್‌ನಲ್ಲಿ ಇನ್ನೊಮ್ಮೆ ಕಳಿಸಿ ಅಂತ ಅವರನ್ನು ಕೇಳಿ. ಅದರಲ್ಲಿ ಉದ್ದಕ್ಕೂ ಇಂಚಿಗೆ 196 ಚುಕ್ಕಿ ಇರುತ್ತದೆ, ಸಣ್ಣ ಅಕ್ಷರವೂ ಓದಲು ಬರುತ್ತದೆ.