ಟಿಕೆಟ್ ಇಲ್ಲದವನು ಮರೆತವನೋ, ಮರೆಸಿದವನೋ: ಕರಾವಳಿಯ ಹಳಿಯ ಮೇಲೊಂದು ಹಳೆಯ ವ್ಯಾಜ್ಯ

ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಿಂದ ದೂರ, ಶಿರವಾಡದಲ್ಲಿ. ಪೇಟೆಯಿಂದ ಅಲ್ಲಿಗೆ ರಿಕ್ಷಾಕ್ಕೆ ಕೊಡುವ ಬಾಡಿಗೆ, ಅಲ್ಲಿಂದ ಅಂಕೋಲೆಗೆ ಹೋಗುವ ಪ್ಯಾಸೆಂಜರ್ ಗಾಡಿಯ ಟಿಕೆಟ್ಟಿಗಿಂತ ಹಲವು ಪಟ್ಟು ಹೆಚ್ಚು. ಆ ಬಾಡಿಗೆಯನ್ನು ಚೌಕಾಸಿ ಮಾಡಿಯಾದರೂ ಎಣಿಸಿಕೊಟ್ಟು ಇಳಿದ ಮನುಷ್ಯ, ಟಿಕೆಟ್ ಕಿಟಕಿಯ ಕಡೆ ತಿರುಗಿಯೂ ನೋಡದೆ ನೇರ ಪ್ಲಾಟ್‌ಫಾರ್ಮಿಗೆ ನಡೆಯುವುದುಂಟು. ಹೀಗಿರುವಾಗ, ಜನ ಟಿಕೆಟ್ ತಪ್ಪಿಸುವುದು ಕೈಯಲ್ಲಿ ದುಡ್ಡಿಲ್ಲದ್ದರಿಂದ ಎಂಬ ಒಂದೇ ಸಾಲಿನ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ‘ವಿದೌಟ್’ ಎಂದು ಕರೆಯುವ ಈ ಪ್ರಯಾಣಕ್ಕೆ ಕಾರಣ ಹುಡುಕಲು ರೈಲು ಹಣ ವಸೂಲು ಮಾಡುವ ಕ್ರಮವನ್ನೇ ನೋಡಬೇಕಾಗುತ್ತದೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ತಾರಿಯಲ್ಲಿ ದಾಟಿದ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಆದರೆ ಗಾದೆಯ ಅಂಬಿಗ ಮೋಸ ಹೋದರೂ ನಿಜವಾದ ಅಂಬಿಗ ಸುಲಭಕ್ಕೆ ಮೋಸ ಹೋಗುತ್ತಿರಲಿಲ್ಲ. ದೋಣಿಯಲ್ಲಿದ್ದ ಹತ್ತಾರು ಮುಖಗಳು ಅವನ ಕಣ್ಣೆದುರೇ ಇರುತ್ತಿದ್ದವು. ಬಸ್ಸಿನಲ್ಲೂ ಕಂಡಕ್ಟರು ಸೀಟಿನ ಬಳಿಗೆ ಬಂದೇ ಬರುತ್ತಾನೆ. ರೈಲಿನ ವ್ಯವಸ್ಥೆ ಬೇರೆ. ಅಲ್ಲಿ ದುಡ್ಡು ಪಡೆಯುವವನು ಕಿಟಕಿಯೊಳಗೆ, ಕೊಟ್ಟಿದ್ದಾರೋ ಇಲ್ಲವೋ ಎಂದು ನೋಡುವವನು ಗಾಡಿಯೊಳಗೆ. ಈ ಇಬ್ಬರ ನಡುವೆ ನೂರಾರು ಕಿಲೋಮೀಟರುಗಳ ಅಂತರವಿರಬಹುದು, ಎರಡನೆಯವನು ಬಾರದೆಯೂ ಇರಬಹುದು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ 1830ರ ದಶಕದ ಕೊನೆಯಲ್ಲಿ ರೂಪಿಸಿದ, ಕ್ರಮಸಂಖ್ಯೆ ಅಚ್ಚಾದ ಪುಟ್ಟ ರಟ್ಟಿನ ಟಿಕೆಟ್ ಈ ಅಂತರವನ್ನು ಲೆಕ್ಕದಲ್ಲಿ ಹಿಡಿಯಲು ಹುಟ್ಟಿದ್ದು. ಅದರಿಂದ ಗುಮಾಸ್ತನ ಕಳ್ಳತನ ಕಡಿಮೆಯಾಯಿತು. ಪ್ರಯಾಣಿಕನ ಕಳ್ಳತನಕ್ಕೆ ಮಾತ್ರ ಅದರಲ್ಲಿ ಮದ್ದಿರಲಿಲ್ಲ.

ಆ ಮದ್ದನ್ನು ಕಾನೂನಿನಲ್ಲಿ ಹುಡುಕಲಾಯಿತು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿದ ಮರುವರ್ಷವೇ ಭಾರತದ ಮೊದಲ ರೈಲ್ವೆ ಕಾಯ್ದೆ ಬಂದಿತು. 1890ರ ಕಾಯ್ದೆ ಒಂದು ಮುಖ್ಯ ಗೆರೆಯನ್ನು ಎಳೆಯಿತು: ವಂಚಿಸುವ ಉದ್ದೇಶದಿಂದ ಟಿಕೆಟ್ ಇಲ್ಲದೆ ಪ್ರಯಾಣಿಸುವುದು 112ನೇ ಕಲಮಿನ ಅಪರಾಧ, ಉದ್ದೇಶ ಏನೇ ಇರಲಿ, ಟಿಕೆಟ್ ತೋರಿಸಲಾಗದವನು 113ನೇ ಕಲಮಿನಂತೆ ಹೆಚ್ಚುವರಿ ಹಣ ತೆತ್ತು ಮುಂದೆ ಹೋಗಬಹುದು. ಒಂದರಲ್ಲಿ ಅವನು ಆರೋಪಿ, ಇನ್ನೊಂದರಲ್ಲಿ ಬಾಕಿದಾರ. ಕಾಯ್ದೆ ಬದಲಾದರೂ ಈ ಗೆರೆ ಅಳಿಸಿಲ್ಲ. ಟಿಕೆಟ್ ತಪಾಸಣೆಯ ಚರಿತ್ರೆಯೆಂದರೆ ಮುಖ್ಯವಾಗಿ ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಜಗ್ಗಾಟವೇ.

ಉತ್ತರ ಕನ್ನಡಕ್ಕೆ ರೈಲು ತೀರ ಹೊಸದು ಎನ್ನುವಾಗ ಘಟ್ಟದ ನೆತ್ತಿಯ ಕ್ಯಾಸಲ್‌ರಾಕ್ ಅನ್ನು ನಾವು ಮರೆಯುತ್ತೇವೆ. ಜೋಯಿಡಾ ತಾಲೂಕಿನ ಆ ಊರಿಗೆ 1880ರ ದಶಕದಲ್ಲೇ ಮೀಟರ್‌ಗೇಜ್ ಹಳಿ ಬಂದಿತ್ತು. ಅಲ್ಲಿಂದ ಕೆಳಗೆ ಇಳಿದರೆ ಪೋರ್ಚುಗೀಸರ ಗೋವೆ. ಅವರ ಆಳ್ವಿಕೆಯ ಕಾಲದಲ್ಲಿ ಗಡಿಯ ಆ ನಿಲ್ದಾಣದಲ್ಲಿ ಟಿಕೆಟ್ಟಿನ ಜೊತೆಗೆ ಗಂಟುಮೂಟೆಯೂ ತಪಾಸಣೆಯ ವಸ್ತುವಾಗಿತ್ತು. (ಇಂದಿಗೂ ಮಡಗಾಂವಿನಿಂದ ಕಾರವಾರಕ್ಕೆ ಬರುವ ಗಾಡಿಯಲ್ಲಿ ಕೆಲವರಿಗೆ ಟಿಕೆಟ್ ಕೇಳುವವರಿಗಿಂತ ಚೀಲ ಬಿಚ್ಚಿಸುವವರ ಭಯವೇ ಹೆಚ್ಚು. ಅದು ಅಬಕಾರಿ ಇಲಾಖೆಯ ವಿಷಯ, ಇಲ್ಲಿಗೆ ಬಿಡೋಣ.)

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಟಿಕೆಟ್ ಇಲ್ಲದ ಪ್ರಯಾಣಕ್ಕೆ ಹೊಸ ಸಮರ್ಥನೆಯೊಂದು ಸೇರಿಕೊಂಡಿತು: ಬ್ರಿಟಿಷರು ಹೋದರು, ರೈಲು ಈಗ ನಮ್ಮದು, ನಮ್ಮ ಗಾಡಿಗೆ ನಾವೇಕೆ ದುಡ್ಡು ಕೊಡಬೇಕು? ಗಾಂಧೀಜಿ ಇದನ್ನು ಒಪ್ಪಲಿಲ್ಲ; ಮೂರನೇ ದರ್ಜೆಯ ಬವಣೆಯನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲವಾದರೂ, ತಮ್ಮ ಕೊನೆಯ ತಿಂಗಳುಗಳಲ್ಲಿ ಟಿಕೆಟ್ ಇಲ್ಲದ ಪ್ರಯಾಣವನ್ನು ಖಂಡಿಸಿದರು. ಆ ವಾದ ಅಷ್ಟಕ್ಕೇ ಸಾಯಲಿಲ್ಲ. ನಮ್ಮ ಕರಾವಳಿಯಲ್ಲಿ ಅದು ಬೇರೊಂದು ವೇಷ ತೊಟ್ಟು ಬಂದದ್ದನ್ನು ಮುಂದೆ ನೋಡಬಹುದು.

ಈಗ ಜಾರಿಯಲ್ಲಿರುವ 1989ರ ರೈಲ್ವೆ ಕಾಯ್ದೆ ಜಾರಿಗೆ ಬಂದದ್ದು 1990ರ ಜುಲೈ 1ರಂದು. ಅದೇ ತಿಂಗಳ 19ರಂದು ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. 1993ರಲ್ಲಿ ಮಂಗಳೂರು–ಉಡುಪಿ ನಡುವೆ ಗಾಡಿ ಓಡಿತು, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಸುರಂಗ, ಸೇತುವೆಗಳೆಲ್ಲ ಮುಗಿದು 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಹೀಗೆ ಭಟ್ಕಳದಿಂದ ಅಸ್ನೋಟಿಯವರೆಗಿನ ಜನ ಹಳೆಯ ಕಾಯ್ದೆಯ ಕಾಲವನ್ನು ಕಂಡವರೇ ಅಲ್ಲ. ಅವರ ಹಳಿಯೂ ಹೊಸತು, ಕಾನೂನೂ ಹೊಸತು.

ಹಳಿ ಬಂದ ರೀತಿಯಲ್ಲೇ ತಪ್ಪಿಸಿಕೊಳ್ಳುವ ದಾರಿಗಳೂ ಬಂದವು. ಗುಡ್ಡಕ್ಕೂ ಸಮುದ್ರಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕ ಜಾಗದಲ್ಲಿ ಮಾರ್ಗ ಎಳೆದದ್ದರಿಂದ ಹಲವು ನಿಲ್ದಾಣಗಳು ಊರಿನಿಂದ ದೂರ ಉಳಿದವು; ಗೋಕರ್ಣ ರೋಡ್ ಎಂಬ ಹೆಸರಿನಲ್ಲೇ ಆ ದೂರ ಅಡಗಿದೆ. ಒಳಹೋಗಲು ಒಂದು, ಹೊರಬರಲು ಒಂದು ಬಾಗಿಲೆಂಬ ಕಟ್ಟುಪಾಡು ಸಣ್ಣ ನಿಲ್ದಾಣಗಳಲ್ಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಳಿದವನಿಗೆ ಗದ್ದೆಯ ಬದುವಿನ ಮೇಲೆ ಮನೆಗೆ ಹೋಗುವ ಹಾದಿ ನಿಲ್ದಾಣದ ಬಾಗಿಲಿಗಿಂತ ಹತ್ತಿರವಾಗಿರುತ್ತದೆ, ಮತ್ತು ಆ ಹಾದಿಯಲ್ಲಿ ಹೋದವರೆಲ್ಲ ಟಿಕೆಟ್ ಇಲ್ಲದವರೂ ಅಲ್ಲ.

ಆ ಗದ್ದೆಯದೇ ಇನ್ನೊಂದು ಕಥೆ. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಹೆದ್ದಾರಿ ಎಂದು ಭೂಮಿ ಬಿಟ್ಟುಕೊಡುತ್ತಲೇ ಬಂದ ಈ ಜಿಲ್ಲೆಯಲ್ಲಿ ರೈಲಿಗೂ ಜನ ಭೂಮಿ ಕೊಟ್ಟರು. ‘ಅಜ್ಜನ ಗದ್ದೆಯ ಮೇಲೆ ಓಡುವ ಗಾಡಿಗೆ ಮೊಮ್ಮಗ ಟಿಕೆಟ್ ತೆಗೆಯಬೇಕೇ ಮಾರಾಯ್ರೆ’ ಎಂಬ ಮಾತನ್ನು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಹೇಳುವವರಿದ್ದಾರೆ. ಕೊಂಕಣ ರೈಲ್ವೆಯಲ್ಲಿ ದರಕ್ಕೆ ಹಿಡಿಯುವ ಕಿಲೋಮೀಟರು ಹಳಿಯ ನಿಜವಾದ ಉದ್ದಕ್ಕಿಂತ ಹೆಚ್ಚು ಎಂಬುದೂ ಈ ಅಸಮಾಧಾನಕ್ಕೆ ಒಗ್ಗರಣೆ. ವಾದದಲ್ಲಿ ಹುರುಳಿಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಭೂಮಿಯ ಪರಿಹಾರ ಕಡಿಮೆಯಾಗಿದ್ದರೆ ಅದನ್ನು ಕೇಳುವ ಜಾಗ ಟಿಕೆಟ್ ಕಿಟಕಿಯಲ್ಲ. ಆದರೂ ಇದನ್ನು ಬರಿಯ ಕುತಂತ್ರ ಎಂದು ತಳ್ಳಿಹಾಕಿದರೆ ಜನರ ಮನಸ್ಸು ಅರ್ಥವಾಗುವುದಿಲ್ಲ.

ಇನ್ನು ಲೆಕ್ಕಾಚಾರದವರು. ಕಾಯ್ದೆಯ 138ನೇ ಕಲಮಿನ ಪ್ರಕಾರ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನು ಪ್ರಯಾಣದರದ ಜೊತೆಗೆ ಅಷ್ಟೇ ಮೊತ್ತವನ್ನೋ 250 ರೂಪಾಯಿಯನ್ನೋ, ಯಾವುದು ಹೆಚ್ಚೋ ಅದನ್ನು, ಹೆಚ್ಚುವರಿಯಾಗಿ ಕೊಡಬೇಕು. ಮೊದಲು 50 ಇದ್ದ ಈ ಕನಿಷ್ಠ ಮೊತ್ತವನ್ನು ಈ ಶತಮಾನದ ಮೊದಲ ದಶಕದಲ್ಲಿ 250ಕ್ಕೆ ಏರಿಸಲಾಯಿತು. 10 ರೂಪಾಯಿಯ ಟಿಕೆಟ್ ತಪ್ಪಿಸಿದವನು ಸಿಕ್ಕರೆ 260 ಕೊಡುತ್ತಾನೆ. ಅಂದರೆ 26 ಪ್ರಯಾಣಗಳಲ್ಲಿ ಒಂದು ಸಲಕ್ಕಿಂತ ಕಡಿಮೆ ಸಿಕ್ಕುವವನಿಗೆ ಇದು ಲಾಭದ ವ್ಯಾಪಾರ. ದಿನವೂ ಗೋವೆಯ ಕೆಲಸಕ್ಕೆ ಹೋಗಿಬರುವವನಿಗೆ ತನ್ನ ಗಾಡಿಯಲ್ಲಿ ಟಿಟಿ ಯಾವ ವಾರ ಬರುತ್ತಾರೆ, ಎಲ್ಲಿ ಹತ್ತುತ್ತಾರೆ ಎಂಬುದು ಬಾಯಿಪಾಠವಾಗಿರುತ್ತದೆ. ವಿಚಿತ್ರವೆಂದರೆ 150 ಕಿಲೋಮೀಟರಿನ ತನಕ ಸಿಗುವ ಸೀಸನ್ ಪಾಸು ದಿನಾ ಟಿಕೆಟ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಹಾಗಾಗಿ ನಿತ್ಯ ಪ್ರಯಾಣಿಕರೊಡನೆ ಬರುವ ಜಗಳ ಹೆಚ್ಚಾಗಿ ಟಿಕೆಟ್ ಇಲ್ಲದ್ದಕ್ಕಲ್ಲ, ಪಾಸು ಹಿಡಿದು ಸ್ಲೀಪರ್ ಬೋಗಿಯಲ್ಲಿ ಕೂತದ್ದಕ್ಕೆ.

ದರದ ಏರಿಳಿತವೂ ಗೊಂದಲ ಹುಟ್ಟಿಸಿತು. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳು ವಿಶೇಷ ಗಾಡಿಗಳೆಂಬ ಹೆಸರು ಪಡೆದು, ಕನಿಷ್ಠ ದರ 10ರಿಂದ 30 ರೂಪಾಯಿಗೆ ಏರಿತು. ಮತ್ತೆ 10ಕ್ಕೆ ಇಳಿದದ್ದು 2024ರ ಆರಂಭದಲ್ಲಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಅತ್ತ ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಉಚಿತ ಪ್ರಯಾಣ. ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆದು ರೂಢಿಯಾದ ಅಜ್ಜಿಗೆ ಪಕ್ಕದ ಹಳಿಯ ಗಾಡಿ ಬೇರೆ ಸರಕಾರದ್ದು ಎಂದು ವಿವರಿಸುವುದು ಸುಲಭದ ಕೆಲಸವಲ್ಲ.

ಇವರೆಲ್ಲರ ಎದುರು ನಿಲ್ಲುವವರು ಟಿಟಿ. ಡ್ಯೂಟಿ ಶುರುವಾಗುವ ಮುನ್ನ ತಮ್ಮ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ಅವರು ಬರೆದುಕೊಡಬೇಕು; ಮಾರ್ಗದಲ್ಲಿ ಜಾಗೃತ ದಳದವರು ಹತ್ತಿ ಎಣಿಸಿದಾಗ ರಸೀದಿಗೆ ಹೊಂದದ ಹಣ ಸಿಕ್ಕರೆ ಉತ್ತರ ಹೇಳಬೇಕಾದವರು ಅವರೇ. ಪ್ರಯಾಣಿಕನನ್ನು ಪರೀಕ್ಷಿಸುವವನನ್ನೂ ಪರೀಕ್ಷಿಸುವ ಈ ಏರ್ಪಾಡು ಎಡ್ಮಂಡ್‌ಸನ್ನನ ರಟ್ಟಿನ ಟಿಕೆಟ್ಟಿನ ಮುಂದುವರಿಕೆಯೇ. ಒಬ್ಬೊಬ್ಬರೇ ಮಾಡುವ ತಪಾಸಣೆ ಸಾಲದಾದಾಗ ದಳ ಕಟ್ಟಿಕೊಂಡು ಬರುವುದುಂಟು: ನಿಲ್ದಾಣದ ಎಲ್ಲ ದಾರಿಗಳನ್ನೂ ಮುಚ್ಚಿ ಮಾಡುವ ಕೋಟೆ ತಪಾಸಣೆ, ನಡುದಾರಿಯಲ್ಲಿ ಗಾಡಿ ಹತ್ತಿ ಮಾಡುವ ಹೊಂಚು ತಪಾಸಣೆ, ಮ್ಯಾಜಿಸ್ಟ್ರೇಟರನ್ನೇ ಕರೆತಂದು ಸ್ಥಳದಲ್ಲೇ ವಿಚಾರಣೆ ಮುಗಿಸುವ ತಪಾಸಣೆ. ಗದ್ದೆಬದುವಿನ ನಿಲ್ದಾಣಗಳಿರುವ ನಮ್ಮ ಕಡೆ ಕೋಟೆ ಕಟ್ಟಲು ಗೋಡೆಯೇ ಇಲ್ಲದ್ದರಿಂದ ಹೊಂಚೇ ಹೆಚ್ಚು ಫಲಕಾರಿ.

ಸಿಕ್ಕಿದವನನ್ನು ಏನು ಮಾಡಬೇಕು? ವಂಚನೆಯ ಉದ್ದೇಶವಿತ್ತೆಂದು ಕಂಡರೆ 137ನೇ ಕಲಮು: ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲದಿದ್ದರೆ 138. ಉದ್ದೇಶವೆಂಬುದು ಹಣೆಯ ಮೇಲೆ ಬರೆದಿರುವುದಿಲ್ಲ. ತಾನಾಗಿ ಎದುರು ಬಂದು ‘ಟಿಕೆಟ್ ತೆಗೆಯಲು ಆಗಲಿಲ್ಲ ಸರ್’ ಎಂದವನನ್ನೂ ಶೌಚಾಲಯದ ಚಿಲಕ ಹಾಕಿಕೊಂಡು ಕೂತವನನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ, ನಡುವಿನವರದೇ ತೊಡಕು. ಎಲ್ಲಿ ಹತ್ತಿದಿರಿ ಎಂಬ ಪ್ರಶ್ನೆಗೆ ಟಿಟಿಯನ್ನು ಒಪ್ಪಿಸುವ ಉತ್ತರ ಕೊಡದಿದ್ದರೆ ಗಾಡಿ ಹೊರಟ ನಿಲ್ದಾಣದಿಂದಲೇ, ಅಥವಾ ಹಿಂದೆ ತಪಾಸಣೆ ನಡೆದ ಸ್ಥಳದಿಂದ, ದರ ಕಟ್ಟಲು ಕಾಯ್ದೆ ಅವಕಾಶ ಕೊಡುತ್ತದೆ. ಅಂಕೋಲೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದವನಿಗೆ ಮುಂಬಯಿಯಿಂದ ಲೆಕ್ಕ ಬಿದ್ದರೆ ಅದೇ ದೊಡ್ಡ ಶಿಕ್ಷೆ.

ಹಣ ಕೊಡದವನನ್ನು 139ನೇ ಕಲಮಿನಂತೆ ಗಾಡಿಯಿಂದ ಇಳಿಸಬಹುದು. ಆದರೆ ಗಂಡಸರ ಜೊತೆಯಿಲ್ಲದ ಹೆಂಗಸನ್ನೋ ಮಗುವನ್ನೋ ಹಾಗೆ ಇಳಿಸುವುದು ಅವರು ಹತ್ತಿದ ನಿಲ್ದಾಣದಲ್ಲಿ, ಜಂಕ್ಷನ್ನಿನಲ್ಲಿ, ಗಾಡಿಯ ಕೊನೆಯ ನಿಲ್ದಾಣದಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ, ಅದೂ ಹಗಲಿನಲ್ಲಿ. ನಮ್ಮ ನಕ್ಷೆಯ ಮೇಲೆ ಇದನ್ನು ಇಟ್ಟು ನೋಡಿದರೆ, ಉಡುಪಿ ಬಿಟ್ಟ ಗಾಡಿಯಲ್ಲಿ ಒಂಟಿ ಹೆಂಗಸೊಬ್ಬಳನ್ನು ಭಟ್ಕಳದಲ್ಲಾಗಲಿ ಮುರ್ಡೇಶ್ವರದಲ್ಲಾಗಲಿ ಕುಮಟೆಯಲ್ಲಾಗಲಿ ಇಳಿಸುವಂತಿಲ್ಲ; ಮುಂದಿನ ಜಿಲ್ಲಾ ಕೇಂದ್ರ ಕಾರವಾರವೇ. ಗಾಡಿ ಕಾರವಾರ ಮುಟ್ಟುವಾಗ ಕತ್ತಲಾಗಿದ್ದರೆ ಅಲ್ಲಿಯೂ ಇಲ್ಲ. ಕಾಯ್ದೆಯ ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಮನುಷ್ಯತ್ವದ ವಾಕ್ಯ ನನಗೆ ಕಂಡಿಲ್ಲ.

ಮೊಬೈಲ್ ಬಂದ ಮೇಲೆ ಗೆರೆ ಇನ್ನಷ್ಟು ಮಸುಕಾಯಿತು. 2014ರ ಕೊನೆಯಲ್ಲಿ ಮುಂಬಯಿಯಲ್ಲಿ ಆರಂಭವಾದ ಯುಟಿಎಸ್ ಆ್ಯಪ್ ಸಾಮಾನ್ಯ ಟಿಕೆಟ್ಟನ್ನು ಜೇಬಿಗೆ ತಂದಿತು. ಆದರೆ ಟಿಟಿ ಕಂಡೊಡನೆ ಟಿಕೆಟ್ ತೆಗೆಯುವವರನ್ನು ತಡೆಯಲು ಹಳಿಯ ತೀರ ಹತ್ತಿರ ಅದು ಕೆಲಸ ಮಾಡದಂತೆ ಕಟ್ಟಿಹಾಕಬೇಕಾಯಿತು. ಕಾಯ್ದಿರಿಸಿದ ಟಿಕೆಟ್ಟುಗಳಲ್ಲಿ ಇನ್ನೊಂದು ಗೋಜಲು. ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗಿ ಹಣ ಹಿಂದಿರುಗುತ್ತದೆ, ಅದನ್ನು ಹಿಡಿದು ಹತ್ತಿದವನು ಕಾನೂನಿನ ಕಣ್ಣಿಗೆ ಟಿಕೆಟ್ ಇಲ್ಲದವನು. ಕೌಂಟರಿನಲ್ಲಿ ಕೊಂಡ ವೇಟಿಂಗ್ ಟಿಕೆಟ್ಟಿನವನು ಜನರಲ್ ಬೋಗಿಯಲ್ಲಿ ಹೋಗಬಹುದು. ಹಬ್ಬ ಮುಗಿಸಿ ಮುಂಬಯಿಗೆ ಮರಳುವ ಕುಟುಂಬವೊಂದು ದಂಡ ಕಟ್ಟುತ್ತ ಈ ವ್ಯತ್ಯಾಸವನ್ನು ಮೊದಲ ಸಲ ಕಲಿಯುತ್ತದೆ.

ಅವಸರಕ್ಕೆ ಹತ್ತಿದ ಪ್ರಾಮಾಣಿಕನಿಗೂ ಕಾಯ್ದೆಯಲ್ಲಿ ಒಂದು ಬಾಗಿಲಿದೆ. ಹತ್ತುವ ಮುನ್ನ ಸಂಬಂಧಪಟ್ಟ ರೈಲ್ವೆ ನೌಕರರ ಅನುಮತಿ ಪಡೆದು, ಮುಂದೆ ದರ ಕೊಡುತ್ತೇನೆಂಬ ಷರತ್ತಿನ ಪ್ರಮಾಣಪತ್ರವನ್ನು 55ನೇ ಕಲಮಿನಂತೆ ಪಡೆದವನಿಗೆ ಹೆಚ್ಚುವರಿ ಹಣ ಇಲ್ಲ, ಟಿಕೆಟ್ ದರ ಮಾತ್ರ. ಶಿರಸಿಯಲ್ಲಿ ರೈಲಿಲ್ಲ, ಅಲ್ಲಿಯವರು ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರಬೇಕು. ಮಳೆಗಾಲದಲ್ಲಿ ಬಸ್ಸು ತಡವಾಗಿ, ನಿಲ್ದಾಣ ಮುಟ್ಟುವಾಗ ಗಾಡಿ ಎದುರಿಗೇ ಬಂದು ನಿಂತಿರುತ್ತದೆ. ಟಿಕೆಟ್ ಕಿಟಕಿಯ ಮುಂದೆ ಸಾಲು. ಆ ಪ್ರಮಾಣಪತ್ರ ಕೊಡಬಲ್ಲ ಗಾರ್ಡ್, 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರಿನವರು, ಗಾಡಿಯ ಕಟ್ಟಕಡೆಯ ಬೋಗಿಯಲ್ಲಿ ಇರುತ್ತಾರೆ. ಗಾಡಿ ನಿಲ್ಲುವುದು ಎರಡೇ ನಿಮಿಷ. ಕೊಡೆ ಮಡಚಿ, ಚೀಲ ಹೆಗಲಿಗೇರಿಸಿ, ನೆನೆದ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಆ ಕೊನೆಯ ಬೋಗಿಯ ಕಡೆ ಓಡುವವರು ಅಪರೂಪ. ಮಿಕ್ಕವರೆಲ್ಲ ಎದುರಿಗೆ ಕಂಡ ಬಾಗಿಲನ್ನು ಹತ್ತುತ್ತಾರೆ.